ಹಸಿ ಮೋಲ್ಡಿನ ಕೆಳಗೆ

"ಏಯ್, ನಿಲ್ಸೇ ಮುಂಡೇದೆ! ನಿಮ್ಮಪ್ಪನ ಮನೆ ನೀರಾ ಅದು?"

ಕೆಳಗಿನಿಂದ ಮೇಸ್ತ್ರಿ ಕೂಗಿದಾಗ ಅವಳು ತಾರಸಿಯ ಮೇಲೆ ಬಗ್ಗಿ ಗೋಣಿತಾಟುಗಳಿಗೆ ನೀರು ಸುರಿಯುತ್ತಿದ್ದಳು. ಎದ್ದು ಮುಖ ತೊಳೆಯುವ ಮುಂಚೆ ಹೊಸದಾಗಿ ಹಾಕಿದ ತಾರಸಿಯ ಮೋಲ್ಡಿಗೆ ನೀರು ಕುಡಿಸಬೇಕು ಎಂದು ಕಟ್ಟಪ್ಪಣೆ ಮಾಡಿದ್ದವನೂ ಅವನೇ. ಹೊಸ ಕಾಂಕ್ರೀಟು ಹಸುಗೂಸಿನ ಹಾಗೆ, ಬಾಯಾರಿದರೆ ಬಿರುಕು ಬಿಡುತ್ತದೆ ಎಂದಿದ್ದ. ಅವಳ ಹಸುಗೂಸು ಕೆಳಗೆ, ಅವರ ಸಂಸಾರ ಬಿಡಾರ ಹೂಡಿದ್ದ ಹಜಾರದಲ್ಲಿ, ಮೋಲ್ಡಿಗೆ ಆಸರೆ ಕೊಟ್ಟ ಎರಡು ಕಂಬಗಳ ನಡುವೆ ಕಟ್ಟಿದ ಸೀರೆಯ ತೊಟ್ಟಿಲಲ್ಲಿ ಮಲಗಿತ್ತು. ಮೊದಲು ಮೋಲ್ಡಿಗೆ, ಆಮೇಲೆ ಮಗುವಿಗೆ. ದಿನದ ಕ್ರಮ ಹಾಗಿತ್ತು.

"ನೀವೇ ಅಲ್ವಾ ಅಣ್ಣ, ಒಣಗೋಕೆ ಬಿಡಬೇಡ ಅಂದಿದ್ದು?"

"ಅಂದಿದ್ದೆ. ಈಗ ಸಾಕು ಅಂತಿದೀನಿ. ಸಂಜೆ ಮನೆ ನೋಡೋಕೆ ಬರ್ತಾರೆ, ಅವರ ತಲೆ ಮೇಲೆ ತೊಟ್ಟಿಕ್ಕಬೇಕಾ? ಇಳಿದು ಬಂದು ಕೂಸನ್ನ ಎತ್ಕೋ. ಕಂಬ ತೆಗೀಬೇಕು."

ಅವಳು ಖಾಲಿ ಕೊಡ ಹಿಡಿದು ಇಳಿದು ಬಂದಳು. ಆ ಕಂಬಗಳನ್ನು ನಿಲ್ಲಿಸಿದ್ದು ಅವಳ ಗಂಡನೇ. ಅವನು ಸುತ್ತಿಗೆ ಹಿಡಿದು, ಅದನ್ನು ಯಾಕೆ ಹಿಡಿದಿದ್ದೇನೆ ಎಂದು ಮರೆತವನಂತೆ ನಿಂತಿದ್ದ.

"ಅಣ್ಣಾ, ಹಾಕಿ ಇನ್ನೂ ವಾರ ತುಂಬಿಲ್ಲ. ಹಸಿ ಇದೆ," ಎಂದ.

ಮೋಲ್ಡ್ ಹಾಕಿದ ದಿನ ಮೇಸ್ತ್ರಿ ಎಲ್ಲರೆದುರು ಹೇಳಿದ್ದ: "ಮೂರು ವಾರ ಯಾವನಾದ್ರೂ ಕಂಬ ಮುಟ್ಟಿದ್ರೆ ಕೈ ಮುರೀತೀನಿ." ಈಗ ಹೇಳಿದ: "ಬೋಳಿಮಗನೇ, ಮಧ್ಯಾಹ್ನದೊಳಗೆ ಕಂಬ ತೆಗೀದಿದ್ರೆ ಕೈ ಮುರೀತೀನಿ." ಎರಡು ಸಲವೂ ಮುರಿಯಬೇಕಾಗಿದ್ದ ಕೈ ಒಂದೇ.

ಅಷ್ಟರಲ್ಲಿ ಮನೆ ಕಟ್ಟಿಸಿ ಮಾರುವ ಸಾಹುಕಾರರ ಕಾರು ಬಂತು. ಅವರು ಇಳಿದು ಮರಳು ಗುಡ್ಡೆಯ ಪಕ್ಕ ನಿಂತರು. ಅಲ್ಲಿಂದಲೇ ಮಾತಾಡಿದರು.

"ಹಜಾರ ಹಜಾರದ ಥರ ಕಾಣ್ಬೇಕು ಕಣಯ್ಯ. ಇಷ್ಟು ಕಂಬ ಇದ್ರೆ ಕೊಳ್ಳೋರು ಕಾಡಿಗೆ ಬಂದ್ವಿ ಅಂದ್ಕೋತಾರೆ."

"ಆಗಲಿ ಸಾವ್ಕಾರ್ರೇ," ಎಂದಳು ಅವಳು. "ಮೋಲ್ಡು ಬಲಿಯೋ ತನಕ ನಾವು ಮಕ್ಕಳನ್ನ ಕರ್ಕೊಂಡು ಆಚೆ ಟಾರ್ಪಾಲ್ ಕಟ್ಕೋತೀವಿ."

"ಆಚೆನಾ? ಕಟ್ಟಿದೋರೇ ಆಚೆ ಮಲಗಿದ್ರೆ ನೋಡಿದೋರು ಏನಂತಾರೆ? ಒಳಗೇ ಇರಿ. ಒಲೆನೂ ಒಳಗೇ ಹಚ್ಚು. ಸಂಸಾರ ಇದ್ರೆ ಮನೆಗೊಂದು ಕಳೆ." ಸ್ವಲ್ಪ ತಡೆದು, ಅದೇ ದನಿಯಲ್ಲಿ ಸೇರಿಸಿದರು: "ಆಗಲ್ಲ ಅಂದ್ರೆ ಈಗಲೇ ಗಂಟುಮೂಟೆ ಕಟ್ಟಿ. ಕೂಲಿ ಜನಕ್ಕೇನು ಬರ?"

ಅವರ ಬಾಯಿಂದ 'ಒಳಗೇ ಇರಿ' ಎಂಬ ಮಾತನ್ನು ಅವಳು ಕೇಳಿದ್ದು ಅದೇ ಮೊದಲು. ಅವರ ಮನೆಗೆ ಹೋದಾಗಲೆಲ್ಲ ಗೇಟಿನಾಚೆ, ಚರಂಡಿಯ ಕಲ್ಲಿನ ಮೇಲೆ ನಿಲ್ಲಬೇಕಿತ್ತು. ಆ ಕಲ್ಲಿನ ಯಾವ ಮೂಲೆ ಅಲ್ಲಾಡುತ್ತದೆ ಎನ್ನುವುದೂ ಅವಳಿಗೆ ಗೊತ್ತಿತ್ತು.

ಹಿರಿಮಗಳು ಸೆರಗು ಜಗ್ಗಿದಳು. ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಬಾಯಿಬಡಕಿ ಎಂದೇ.

"ಅವ್ವಾ, ಸಾವ್ಕಾರ್ರನ್ನ ಒಂದು ಮಾತು ಕೇಳ್ಲಾ?"

"ಬೇಡ."

"ಒಂದೇ ಒಂದು."

"ಬಾಯಿ ಹೊಲೀತೀನಿ ನೋಡು."

ಹುಡುಗಿ ಹುಟ್ಟಿದ್ದು ಇಂಥದೇ ಒಂದು ಕಟ್ಟಡದೊಳಗೆ. ಬೆಳೆದದ್ದೂ ಹಾಗೆಯೇ. ಲೋಕದ ಒಂದು ನಿಯಮವನ್ನು ಅವಳು ತಾನೇ ಕಂಡುಕೊಂಡಿದ್ದಳು. ಬಾಗಿಲು ಇಡದ ಮನೆಯೊಳಗೆ ಎಲ್ಲಿ ಬೇಕಾದರೂ ಓಡಾಡಬಹುದು. ಬಾಗಿಲು ಇಟ್ಟ ದಿನದಿಂದ ಆಚೆ ನಿಲ್ಲಬೇಕು. ಎದುರು ಮನೆಗೆ ಕುಡಿಯುವ ನೀರು ಕೇಳಲು ಹೋದಾಗ, "ಅಲ್ಲೇ ನಿಲ್ಲು" ಎಂದು ಅವರು ಹೇಳುವ ಮುಂಚೆಯೇ ಅವಳು ಅಲ್ಲೇ ನಿಂತಿರುತ್ತಿದ್ದಳು.

ಗಂಡ ಕಂಬ ತೆಗೆಯತೊಡಗಿದ. ಬೆನ್ನು ಬಗ್ಗಿಸಿಕೊಂಡೇ ಕೆಲಸ ಮಾಡಿದ, ಬಗ್ಗಿದರೆ ಮೋಲ್ಡಿಗೂ ತಲೆಗೂ ನಡುವೆ ಒಂದಿಷ್ಟು ಜಾಗ ಹೆಚ್ಚುತ್ತದೆ ಎನ್ನುವಂತೆ. "ಎಡಗಡೆದು... ಹಾಂ, ಮೆಲ್ಲಗೆ," ಎಂದು ಮೇಸ್ತ್ರಿ ಮರಳು ಗುಡ್ಡೆಯ ಪಕ್ಕದಿಂದ ಹೇಳಿಕೊಡುತ್ತಿದ್ದ. ತೊಟ್ಟಿಲಿನ ಎರಡು ಕಂಬ ಕೊನೆಗೆ ಉಳಿದವು. ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಸೀರೆಯ ಗಂಟು ಬಿಚ್ಚಿದಳು. ಗಂಟು ಯಾವತ್ತೂ ಅಷ್ಟು ಬಿಗಿಯಾಗಿರಲಿಲ್ಲ.

ಕಂಬ ಹೋದ ಮೇಲೆ ನಡುತೊಲೆಯ ಕೆಳಗೆ ಕೂದಲೆಳೆಯಷ್ಟು ಬಿರುಕು ಕಂಡಿತು. ಗಂಡ ಬೆರಳಿಟ್ಟು ನೋಡಿದ.

"ಅಣ್ಣಾ, ಇಲ್ಲಿ ಬಂದು ನೋಡಿ."

"ಇಲ್ಲಿಂದಲೇ ಕಾಣುತ್ತೆ," ಎಂದ ಮೇಸ್ತ್ರಿ. "ಸಿಮೆಂಟ್ ಹಾಲು ಬಳಿ."

ಬಳಿದ. ಬಿರುಕು ಕಾಣದಾಯಿತು. ಹಜಾರ ಅಗಲವಾಗಿ, ಚೆನ್ನಾಗಿ ಕಂಡಿತು.

ಸಂಜೆ, ಬಿಸಿಲು ಇನ್ನೂ ಚುರುಗುಡುತ್ತಿರುವಾಗಲೇ ಕೊಳ್ಳುವವರು ಬಂದರು, ಗಂಡ ಹೆಂಡತಿ. ಸಾಹುಕಾರರು ಅವರನ್ನೂ ಮರಳು ಗುಡ್ಡೆಯ ಪಕ್ಕ ನಿಲ್ಲಿಸಿಕೊಂಡರು.

"ಇಷ್ಟು ಬೇಗ ಕಂಬ ತೆಗೆದುಬಿಟ್ರಾ?" ಎಂದು ಆ ಗಂಡಸು ಕೇಳಿದ.

"ಈಗಿನ ಸಿಮೆಂಟು ಸಾರ್, ನಮ್ಮ ಕಾಲದ್ದಲ್ಲ. ನೋಡಿ, ಒಳಗೆ ಸಂಸಾರಾನೇ ಹೂಡಿದಾರೆ, ಕೂಸು ಸಮೇತ. ಭಯ ಇದ್ದಿದ್ರೆ ಇರ್ತಿದ್ರಾ?" ಎಂದರು ಸಾಹುಕಾರರು.

ಅವಳು ಒಲೆಯ ಮುಂದಿನಿಂದ ಎದ್ದಳು. ಇದ್ದ ಒಂದೇ ಒಳ್ಳೆಯ ಚಾಪೆಯನ್ನು ಕೊಡವಿ, ನಡುತೊಲೆಯ ಕೆಳಗೆ ಸರಿಯಾಗಿ ಹಾಸಿದಳು. ಸುಕ್ಕು ನೀವಿದಳು. ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಚಾಪೆಯ ಪಕ್ಕ ನಿಂತಳು.

"ಬಿಸಿಲಲ್ಲಿ ಯಾಕೆ ನಿಂತಿದೀರಾ ಸಾವ್ಕಾರ್ರೇ? ಒಳಗೆ ಬನ್ನಿ. ಚಾ ಕಾಸ್ತೀನಿ."

"ಪರವಾಗಿಲ್ಲ, ಪರವಾಗಿಲ್ಲ."

"ಒಂದು ಗಳಿಗೆ ಕೂತು ಹೋಗಿ. ನಿಮ್ಮ ಮನೇನೇ ಅಲ್ವಾ."

"ಏಯ್, ಮುಚ್ಚೇ ಬಾಯಿ!" ಎಂದ ಮೇಸ್ತ್ರಿ.

"ನೀವೂ ಬನ್ನಿ ಅಣ್ಣ. ಚಾಪೆ ದೊಡ್ಡದಿದೆ."

ಮೇಸ್ತ್ರಿಗೆ ಮರಳಲ್ಲಿ ಏನೋ ಕಂಡಿತು. ಬಗ್ಗಿ ಅದನ್ನೇ ಹುಡುಕತೊಡಗಿದ. ಕೊಳ್ಳಲು ಬಂದ ಹೆಂಗಸು ಚಾಪೆಯನ್ನು ನೋಡಿದಳು, ಚಾಪೆಯ ಮೇಲಿನ ತೊಲೆಯನ್ನು ನೋಡಿದಳು, ಆಮೇಲೆ ಸಾಹುಕಾರರ ಕಾಲುಗಳನ್ನು ನೋಡಿದಳು. ಅವು ಅಲುಗಲಿಲ್ಲ.

ಅವಳ ಗಂಡ ಗೋಡೆಗೊರಗಿ ಕಣ್ಣಲ್ಲೇ 'ಸುಮ್ಮನಿರು' ಎಂದ. ಹುಡುಗಿ ಮತ್ತೆ ಸೆರಗು ಜಗ್ಗಿದಳು.

"ಅವ್ವಾ, ಈಗ ಕೇಳ್ಲಾ?"

ಅವಳು ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದಳು.

"ಕೇಳು."

ಹುಡುಗಿ ಬಾಗಿಲಿಲ್ಲದ ಹೊಸ್ತಿಲವರೆಗೆ ಹೋಗಿ ನಿಂತಳು. ಬಿಸಿಲಲ್ಲಿ ಆಚೆ ನಿಲ್ಲುವುದು ಎಷ್ಟು ಕಷ್ಟವೆಂದು ಅವಳಿಗೆ ಗೊತ್ತಿತ್ತು. ಅವಳ ದನಿಯಲ್ಲಿ ಕನಿಕರವಿತ್ತು.

"ಸಾವ್ಕಾರ್ರೇ, ನಿಮ್ಮನ್ನೂ ಯಾರಾದ್ರೂ ಒಳಗೆ ಬರಬೇಡ ಅಂದಿದಾರಾ?"