ಜಾಲರಿಯಲ್ಲಿ ಕೆಂಪು

ಕಾರು ಶೆಡ್ಡಿಗೆ ಬಂದ ಮೂರನೆಯ ದಿನ ಬೆಳಿಗ್ಗೆ ಮೇಸ್ತ್ರಿಯ ತಂಗಿ ತನ್ನ ಮಾವನನ್ನು ಕರೆದುಕೊಂಡು ಬಂದಳು. ಮಾವ ಮೂವತ್ತೊಂದು ವರ್ಷ ಬಸ್ಸು ಓಡಿಸಿ, ಒಂದು ನಾಯಿಯ ಬಾಲವನ್ನೂ ತುಳಿಯದೆ ನಿವೃತ್ತರಾದವರು. ಅಂಥವರ ಮಗ, ತಂಗಿಯ ಗಂಡ, ಏರಿನಲ್ಲಿ ಮುಂದಿನ ಲಾರಿಯನ್ನು ದಾಟಲು ಹೋಗಿ, ದಾಟಲಾಗದೆ, ಎದುರಿನಿಂದ ಬಂದ ಇನ್ನೊಂದು ಲಾರಿ ಬಾಗಿಲಿಗೆ ಬಡಿದು ಸತ್ತಿದ್ದ. ಅಳತೆಗೇಡಿ, ಸಾವನ್ನು ತಾನೇ ಹುಡುಕಿಕೊಂಡು ಹೋದ ಎಂದು ಅವರು ಮಾತಾಡಿಸಲು ಬಂದವರಿಗೆಲ್ಲ ಹೇಳುತ್ತಿದ್ದರು. ಗೋಡೆಯಲ್ಲಿದ್ದ ಮಗನ ಫೋಟೋ ಇಳಿಸಿ ಬೀರುವಿನ ಸಂದಿಗೆ ಸೇರಿಸಿದ್ದರು. ಆ ಗೋಡೆಯ ಮುಂದೆಯೇ ತಂಗಿ ಎರಡು ಮಕ್ಕಳನ್ನು ಬೆಳೆಸಬೇಕಿತ್ತು.

"ಬಿಚ್ಚಿ ನೋಡಿ ಹೇಳು ಅಣ್ಣ. ಅವರದೇ ತಪ್ಪಾಗಿದ್ರೆ ಅದನ್ನೂ ಹೇಳು," ಎಂದಳು.

ಆ ಕಾರಿಗೆ ಎರಡು ವರ್ಷದ ಹಿಂದೆ ಮೇಸ್ತ್ರಿಯೇ ಬೇರೆ ಎಂಜಿನ್ ಕೂರಿಸಿದ್ದ. ಹಳೆಯ ಮೈಗೆ ಹೊಸ ಉಸಿರು ಬೇಕೆಂದು ತಂಗಿಯ ಗಂಡ ಬೆನ್ನು ಬಿದ್ದಿದ್ದ. ಆ ಬೀದಿಯಲ್ಲಿ ಮೇಸ್ತ್ರಿಯನ್ನು ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ, ಪದ್ಯ ಕೇಳುವವನಂತೆ ಕಣ್ಣು ಮುಚ್ಚಿ ರೋಗ ಹೇಳುತ್ತಿದ್ದ. ಅವನಿಗೆ ಇನ್ನೊಂದು ಹೆಮ್ಮೆಯೂ ಇತ್ತು: ಅವನು ಮುಚ್ಚಿದ ಎಂಜಿನ್ನಿನಿಂದ ಒಂದು ಹನಿ ಆಯಿಲ್ ಹೊರಗೆ ಬಂದದ್ದಿಲ್ಲ.

ಕಾರಿನ ಬಲಮಗ್ಗುಲು ಒಳಕ್ಕೆ ಕುಸಿದಿತ್ತು. ಬಾನೆಟ್ಟಿಗೆ ಗೀರೂ ಆಗಿರಲಿಲ್ಲ. ಬೇರೆ ಬ್ಯಾಟರಿ ಕೊಟ್ಟಾಗ ಎಂಜಿನ್ ಮೊದಲ ತಿರುವಿಗೇ ಎದ್ದಿತು. ನಿಂತಲ್ಲಿ ಅದರ ಓಟ ಎಲ್ಲೂ ಮುಗ್ಗರಿಸದ ಸಾಲಿನಂತಿತ್ತು. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಅರ್ಧ ದಾರಿಯಲ್ಲಿ ದಮ್ಮು ಕಟ್ಟಿತು. ಸ್ಕ್ಯಾನರ್ ಹಾಕಿದ. ವಾಲ್ವುಗಳು ತೆರೆದು ಮುಚ್ಚುವ ಟೈಮಿಂಗ್ ಹೇಳಿದ ಹೊತ್ತಿಗೆ ಬದಲಾಗುತ್ತಿಲ್ಲ ಎಂದು ತೋರಿಸಿತು. ಇಂಥ ದೋಷಕ್ಕೆ ಮೀಟರಿನಲ್ಲಿ ಹಳದಿ ದೀಪ ಹತ್ತಬೇಕು. ಆದರೆ ಈ ಹಳೆಯ ಕಾರಿನ ಮೀಟರಿನಲ್ಲಿ ಆ ದೀಪಕ್ಕೆ ಜಾಗವೇ ಇರಲಿಲ್ಲ. ಎಂಜಿನ್ ಕೂರಿಸುವಾಗ ಅದರ ತಂತಿಯನ್ನು ಕತ್ತರಿಸಿ ಟೇಪು ಸುತ್ತಿದ್ದೂ ಅವನೇ.

ಅಪಘಾತಕ್ಕೆ ಎರಡು ವಾರ ಮೊದಲು ತಂಗಿಯ ಗಂಡ ಇಲ್ಲೇ ನಿಂತು ನಕ್ಕಿದ್ದ. "ಭಾವ, ಏರಲ್ಲಿ ಎಷ್ಟು ಒತ್ತಿದ್ರೂ ಕೆಲವು ಸಲ ನನ್ನ ಮಾತೇ ಕೇಳಲ್ಲ ಇದು. ಥೇಟ್ ನಿಮ್ಮ ತಂಗಿ."

ಮೇಸ್ತ್ರಿಯೂ ನಕ್ಕು, ಆಯಿಲ್ ಹರಿಸಿ ವಾಲ್ವುಗಳ ಹೊತ್ತನ್ನು ಹಿಂದೆ ಮುಂದೆ ಮಾಡುವ ಹೆಬ್ಬೆರಳು ಗಾತ್ರದ ಸೊಲೆನಾಯ್ಡಿನ ಪ್ಲಗ್ಗು ಕಿತ್ತು, ನೇರ ಬ್ಯಾಟರಿ ಕೊಟ್ಟು, ಕಿವಿ ಇಟ್ಟಿದ್ದ. ಟಿಕ್ ಎಂದಿತ್ತು. ಸದ್ದು ಸರಿ ಇದೆ, ಪೆಟ್ರೋಲ್ ಬಂಕು ಬದಲಾಯಿಸಿ ನೋಡು ಎಂದು ಕಳಿಸಿದ್ದ.

ಈಗಲೂ ಅದನ್ನೇ ಮಾಡಿದ. ಎಂಜಿನ್ ನಿಲ್ಲಿಸಿ ಸೊಲೆನಾಯ್ಡಿಗೆ ಕರೆಂಟು ಅಳೆಯುವ ಮೀಟರ್ ಹಿಡಿದ. ಒಳಗಿನ ತಂತಿಯ ಸುರುಳಿ ಸರಿ ಇತ್ತು. ಬ್ಯಾಟರಿ ಕೊಟ್ಟ. ಟಿಕ್.

ಟಯರಿನ ಮೇಲೆ ಕುಳಿತಿದ್ದ ಮಾವ ತಲೆ ಎತ್ತಿದರು. "ನನಗೇ ಕೇಳಿಸ್ತು ಬೀಗರೇ. ಗಾಡಿ ಸರಿ ಇದೆ. ಓಡಿಸಿದವನ ತಲೆ ಸರಿ ಇರ್ಲಿಲ್ಲ."

ತಂಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. ಮೇಸ್ತ್ರಿ ಹತ್ತನೇ ನಂಬರಿನ ಸ್ಪ್ಯಾನರ್ ತೆಗೆದುಕೊಂಡು ಒಂದೇ ಒಂದು ಬೋಲ್ಟು ಬಿಚ್ಚಿ ಸೊಲೆನಾಯ್ಡನ್ನು ಹೊರಗೆಳೆದ. ಅಂದು ಬಿಚ್ಚಿದ್ದರೆ ಐದು ನಿಮಿಷದ ಕೆಲಸ.

ಆಯಿಲ್ ಹೋಗುವ ಸಣ್ಣ ಜಾಲರಿಯಲ್ಲಿ ಕೆಂಪು ಚೂರುಗಳು ಸಿಕ್ಕಿಕೊಂಡಿದ್ದವು. ಜಾಲರಿಯ ಅಂಚು ಹರಿದು ಒಂದು ಕೆಂಪು ಎಳೆ ಒಳಗೂ ಹೋಗಿತ್ತು. ಮತ್ತೆ ಬ್ಯಾಟರಿ ಕೊಟ್ಟು ಕಣ್ಣಿನಿಂದ ನೋಡಿದ. ಒಳಗಿನ ಕಡ್ಡಿ ಟಿಕ್ ಎಂದು ಹೊರಟು, ಅರ್ಧಕ್ಕೇ ಆ ಎಳೆಗೆ ತಾಗಿ ನಿಂತಿತು. ಪೂರ್ತಿ ಸರಿದರೂ ಅದೇ ಸದ್ದು, ಅರ್ಧ ಸರಿದರೂ ಅದೇ ಸದ್ದು.

ಊರಿನ ಉಳಿದ ಶೆಡ್ಡುಗಳಲ್ಲಿ ಎಂಜಿನ್ ಮುಚ್ಚಲು ಬಳಸುವ ಪೇಸ್ಟು ಬೂದು ಬಣ್ಣದ್ದು. ಕೆಂಪು ಬಳಸುವವನು ಅವನೊಬ್ಬನೇ, ಅದೂ ಸೋರಬಾರದೆಂದು ಒಂದು ಸುತ್ತು ಹೆಚ್ಚು. ಹೊರಗೆ ಉಕ್ಕಿದ್ದನ್ನು ಬೆರಳಿನಿಂದ ಒರೆಸುತ್ತಿದ್ದ. ಒಳಗೆ ಉಕ್ಕಿ, ಒಣಗಿ, ಆಯಿಲ್ ಜೊತೆ ಹೊರಟದ್ದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಮುಷ್ಟಿ ಮುಚ್ಚಿಕೊಂಡ. ಸೀಮೆಎಣ್ಣೆಯ ಡಬ್ಬಿ ಕೈಗೆಟಕುವಲ್ಲೇ ಇತ್ತು. ಅದ್ದಿ ಎರಡು ಸಲ ಅಲುಗಿಸಿದರೆ ಜಾಲರಿ ಬರಿದಾಗುತ್ತಿತ್ತು. ಸತ್ತವನು ಬಂದು ಕೇಳುವುದಿಲ್ಲ. ಗಾಡಿ ಸರಿ ಇದೆ ಎಂಬ ಒಂದು ಮಾತಿಗೆ ತಂಗಿಯೂ ಅವನಿಗೆ ಉಳಿಯುತ್ತಿದ್ದಳು, ಶೆಡ್ಡೂ ಉಳಿಯುತ್ತಿತ್ತು.

ಹೋಗಿ ಮಾವನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಕೈ ಬಿಚ್ಚಿದ. ಕೆಂಪು ಯಾವುದು, ಯಾರದು, ದೀಪ ಯಾಕೆ ಹತ್ತಲಿಲ್ಲ, ಎರಡು ವಾರ ಮೊದಲು ಏನಾಯಿತು, ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿದ. ಮುದುಕರು ಉಗುರಿನಿಂದ ಒಂದು ಚೂರು ಕೆದಕಿ ಬೆಳಕಿಗೆ ಹಿಡಿದರು.

"ಅಂದ್ರೆ ಅವನು ಒತ್ತಿದ್ದ. ಗಾಡಿ ಎಳೀಲಿಲ್ಲ."

"ಎಳೀಲಿಲ್ಲ."

"ಎದುರಿನ ಲಾರಿ ಎಷ್ಟು ದೂರ ಇದೆ ಅಂತ ಅವನ ಅಳತೆ ಸರಿಯಾಗೇ ಇತ್ತು."

"ಸರಿಯಾಗೇ ಇತ್ತು."

ಮೂವತ್ತೊಂದು ವರ್ಷ ಸ್ಟೇರಿಂಗ್ ಹಿಡಿದ ಕೈಗಳನ್ನು ಅವರು ಮಂಡಿಯ ಮೇಲೆ ಊರಿಕೊಂಡರು. ತಂಗಿ ಹತ್ತಿರ ಬಂದಳು.

"ಅವರು ಬಂದು ಹೇಳಿದ್ರಲ್ಲ ಅಣ್ಣ. ಬಿಚ್ಚಲಿಲ್ವಾ?"

"ಇಲ್ಲಮ್ಮ. ಕೇಳಿದೆ, ಅಷ್ಟೆ."

ಅವಳು ತಲೆಯಾಡಿಸಿದಳು. ಮೊದಲೇ ಗೊತ್ತಿದ್ದ ಏನೋ ಒಂದನ್ನು ಮತ್ತೆ ಕೇಳಿದವಳಂತೆ.

ಮಾವ ಎದ್ದರು. ಕೆಂಪು ಚೂರನ್ನು ಕರವಸ್ತ್ರದಲ್ಲಿ ಮಡಿಚಿ ಜೇಬಿಗೆ ಹಾಕಿಕೊಂಡರು. "ನಡಿಯಮ್ಮ. ಹೋಗ್ತಾ ಒಂದು ಮೊಳೆ ತಗೊಳೋಣ. ಗೋಡೇಲಿದ್ದ ಹಳೇದು ಸಡಿಲ ಆಗಿತ್ತು," ಎಂದರು. ಮೇಸ್ತ್ರಿಗೆ ಬರುತ್ತೇನೆಂದು ಹೇಳಲಿಲ್ಲ. ತಂಗಿಯೂ ಹೇಳಲಿಲ್ಲ. ಚಪ್ಪಲಿಗಳ ಸದ್ದು ಬೀದಿಯ ತಿರುವಿನವರೆಗೆ ಅವನಿಗೆ ಬಿಡಿಬಿಡಿಯಾಗಿ ಕೇಳಿಸಿತು. ಆಮೇಲೆ ಕೇಳಿಸಲಿಲ್ಲ.

ಸೊಲೆನಾಯ್ಡು ಕಿತ್ತ ತೂತಿನಿಂದ ಆಯಿಲ್ ಒಸರಿ, ಎಂಜಿನ್ನಿನ ಮೈ ಹಿಡಿದು ಇಳಿದು, ನೆಲಕ್ಕೆ ಹನಿ ಹನಿಯಾಗಿ ಬೀಳತೊಡಗಿತ್ತು. ಬಟ್ಟೆ ಅವನ ಹೆಗಲ ಮೇಲೇ ಇತ್ತು. ಅವನು ಒರೆಸಲಿಲ್ಲ.