ಗುರುವಾರದ ಕೆಲಸದವಳು

"ಲೇ ಮಾಲಿ, ಹಾಸಿಗೆ ಎತ್ತಿ ಗೋಡೆಗೆ ನಿಲ್ಸು ಅಂದ್ರೆ ಅದ್ರ ಮುಖ ನೋಡ್ಕಂಡು ನಿಂತಿದ್ದೀಯಲ್ಲ? ಅದೇನ್ ನಿನ್ನ ಗಂಡನಾ? ಎತ್ತೇ ಬಿಕನಾಸಿ, ಹನ್ನೊಂದಕ್ಕೆ ಕೌನ್ಸಿಲ್‌ನ ಆಯಮ್ಮ ಬತ್ತಾಳೆ!"

ಮುಚಾನೆತಾ ಹಾಸಿಗೆ ಎತ್ತಿದಳು. ಅವಳ ಹೆಸರು ಮಾಲಿ ಅಲ್ಲ. ಮನೆ ಮಾಲೀಕ ಗಾರ್ಸೈಡ್‌ನ ನಾಲಿಗೆ ಅವಳ ಹೆಸರಿಗೆ ಒಂದು ದಿನವೂ ತಿರುಗಿರಲಿಲ್ಲ. ಬಾಡಿಗೆ ಕೇಳುವಾಗ ಮಾತ್ರ ಚೆನ್ನಾಗಿ ತಿರುಗುತ್ತಿತ್ತು.

ಅಟ್ಟದ ಆ ಕೋಣೆಯಲ್ಲಿ ಅವಳು ಮಲಗುತ್ತಿದ್ದ ಗುರುತೇ ಇರಕೂಡದು. ಅವಳ ಕೋಟು, ಬೂಟು, ಮೆಕ್ಕೆಜೋಳದ ಹಿಟ್ಟು ತಿರುವುವ ಮರದ ಕೋಲು, ಜಿಂಬಾಬ್ವೆಯಿಂದ ಹೊತ್ತು ತಂದಿದ್ದ ಅವ್ವನ ಫೋಟೊ, ಎಲ್ಲ ನೆಲಮಾಳಿಗೆಗೆ ಹೋದವು. ಬಚ್ಚಲಲ್ಲಿದ್ದ ಅವಳ ಹಲ್ಲುಜ್ಜುವ ಬ್ರಷ್ಷನ್ನು ಗಾರ್ಸೈಡ್ ಎರಡು ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದಂತೆ ಹಿಡಿದು ಕಸದ ಬುಟ್ಟಿಗೆ ಹಾಕಿದ. ಹಳೇ ಸೂಟ್‌ಕೇಸುಗಳನ್ನು ತಂದು ಹಾಸಿಗೆಯ ಮುಂದೆ ಒಟ್ಟಿದ. ಕೋಣೆ ಉಗ್ರಾಣವಾಯಿತು.

ಇಷ್ಟಕ್ಕೆಲ್ಲ ಕಾರಣ ಊರಿನ ಕೌನ್ಸಿಲಿಗೆ ಕಟ್ಟುವ ಮನೆಕಂದಾಯ. ಮನೆಯಲ್ಲಿರುವವರೆಲ್ಲ ವಿದ್ಯಾರ್ಥಿಗಳಾದರೆ ಆ ಮನೆಗೆ ಕಂದಾಯ ಮಾಫಿ, ಅವರು ಯಾವ ದೇಶದವರಾದರೂ ಸರಿ. ವಿದ್ಯಾರ್ಥಿಯಲ್ಲದ ಒಬ್ಬಳು ಅಲ್ಲಿ ವಾಸಕ್ಕಿದ್ದರೂ ಮಾಫಿ ಹೋಯಿತು. ಮುಚಾನೆತಾಳ ಓದು ಸೆಪ್ಟೆಂಬರಿನಲ್ಲಿ ಮುಗಿದಿತ್ತು. ವೀಸಾ ಜನವರಿಯವರೆಗೆ ಇತ್ತು. ಜನವರಿಗೆ ವೀಸಾ ಮುಗಿಯುವವಳಿಗೆ ಈ ನವೆಂಬರ್ ಚಳಿಯಲ್ಲಿ ಬೇರೆ ಮನೆ ಕೊಡುವ ಪುಣ್ಯಾತ್ಮ ಯಾರಿದ್ದಾನೆ? ಗಾರ್ಸೈಡ್‌ಗೆ ಅದು ಚೆನ್ನಾಗಿ ಗೊತ್ತಿತ್ತು. ಬಾಡಿಗೆ ಪೂರ್ತಿ ತೆಗೆದುಕೊಳ್ಳುತ್ತಿದ್ದ, ಅವಳು ಮಾತ್ರ ಈ ಮನೆಯಲ್ಲೇ ಇಲ್ಲ ಅನ್ನುತ್ತಿದ್ದ.

ಉಳಿದ ನಾಲ್ವರು ಇನ್ನೂ ಓದುತ್ತಿದ್ದರು. ಅವರ ಕಿವಿಯನ್ನೂ ಅವನು ಊದಿದ್ದ. ಬಕೆಟ್ಟು ತುಂಬಿಸಲು ಅಡುಗೆಮನೆಗೆ ಇಳಿದಾಗ ನೈಜೀರಿಯಾದ ಒಸಾಸ್ ಅವಳ ಮುಖ ನೋಡದೆ ಹೇಳಿದ.

"ಅಕ್ಕಾ, ಬೇಜಾರ್ ಮಾಡ್ಕಬ್ಯಾಡ. ಇವತ್ತೊಂದಿನ ಬಾಯಿ ಮುಚ್ಕಂಡಿರು. ನಿನ್ ದೆಸೆಯಿಂದ ಕಂದಾಯ ಬಿದ್ರೆ ನಮ್ ನಾಕೂ ಜನದ ತಲೆ ಮೇಲ್ ಬೀಳ್ತದಂತೆ. ನಮ್ಮಪ್ಪ ನನ್ ಫೀಸಿಗೆ ಅಂತ ಈಗ್ಲೇ ಇದ್ದ ಲಾರಿ ಮಾರವ್ನೆ."

"ನಾನೇನ್ ಮಾಡ್ದೆ? ಓದು ಮುಗಿಸಿದ್ದೇ ತಪ್ಪಾ?"

"ತಪ್ಪು ಅಂದ್ನಾ ನಾನು? ಸುಮ್ಕಿರು ಅಂದೆ."

ಅದೇ ಒಸಾಸ್ ಜ್ವರ ಬಂದು ಬಿದ್ದಿದ್ದಾಗ ಇವಳೇ ಗಂಜಿ ಮಾಡಿ ಕುಡಿಸಿದ್ದಳು. ಅದನ್ನು ಎತ್ತಿ ಆಡಲು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು ಬಕೆಟ್ಟಿಗೆ ನಲ್ಲಿ ತಿರುಗಿಸಿದಳು. ಅವನ ಮೇಲೆ ಸಿಟ್ಟು ಮಾಡಿದರೂ ಹೋಗಿ ತಲುಪುವುದು ಲಾರಿ ಮಾರಿದ ಆ ಅಪ್ಪನಿಗೇ ಅನ್ನಿಸಿತು.

ಹನ್ನೊಂದು ಗಂಟೆಗೆ ಸರಿಯಾಗಿ ಕೌನ್ಸಿಲಿನ ಹೆಂಗಸು ತಪಾಸಣೆಗೆ ಬಂದಳು. ಮಳೆಯಲ್ಲಿ ನೆಂದು ಬಂದಿದ್ದಳು, ಮೂಗು ಸುರಿಯುತ್ತಿತ್ತು, ಕೈಯಲ್ಲೊಂದು ಟ್ಯಾಬ್ಲೆಟ್ಟು. ಗಾರ್ಸೈಡ್‌ನ ದನಿ ಒಂದೇ ಸಲಕ್ಕೆ ಬೆಣ್ಣೆಯಾಯಿತು. ನಾಲ್ವರೂ ಅಡುಗೆಮನೆಯಲ್ಲಿ ಸಾಲಾಗಿ ನಿಂತು ಕಾಲೇಜಿನ ಕಾಗದ ತೋರಿಸಿದರು. ಮುಚಾನೆತಾ ಮೂಲೆಯಲ್ಲಿ ಬಗ್ಗಿ ನೆಲ ಒರೆಸುತ್ತಿದ್ದಳು.

"ಇವರು?" ಹೆಂಗಸು ಕೇಳಿದಳು.

"ಕೆಲಸದೋಳು ಮೇಡಂ. ಗುರುವಾರ ಗುರುವಾರ ಬಂದು ಗುಡಿಸಿ ಒರ್ಸಿ ಹೋಗ್ತಾಳೆ. ಪಾಪದೋಳು, ಮಾತ್ ಅಷ್ಟಾಗಿ ಬರಲ್ಲ."

ಸಾರ್ವಜನಿಕ ಆರೋಗ್ಯದಲ್ಲಿ ಎಂ.ಎಸ್ಸಿ. ಮಾಡಿದವಳು ಮಾತು ಬಾರದವಳಾಗಿ ಒರೆಸುತ್ತಲೇ ಇದ್ದಳು.

ಇಚ್ಛಾ ಎಂಬ ನೇಪಾಳದ ಹುಡುಗಿ ಗಾಬರಿಯಲ್ಲಿ ಕಾಗದ ಕೆಳಗೆ ಬೀಳಿಸಿದಳು. ಹೆಂಗಸೇ ಎತ್ತಿಕೊಟ್ಟಳು.

"ಯಾಕಮ್ಮ ಇಷ್ಟು ಹೆದರ್ತೀಯ? ಹಾಗೇನಾದ್ರೂ ಕಂದಾಯ ಬಿದ್ರೂ ನಿಮಗೇನು ಬರಲ್ಲ. ಒಂದೊಂದೇ ರೂಮು ಬಾಡಿಗೆಗೆ ಕೊಟ್ಟಿರೋ ಮನೆ ಇದು. ಮಾಲೀಕರೇ ಕಟ್ಟಬೇಕು."

ಒರೆಸುವ ಬಟ್ಟೆ ನಿಂತಿತು. ಒಸಾಸ್ ಗಾರ್ಸೈಡ್‌ನ ಕಡೆ ನೋಡಿದ, ಆಮೇಲೆ ಮುಚಾನೆತಾಳ ಕಡೆ. ಗಾರ್ಸೈಡ್ ಕೆಮ್ಮಿದ.

"ಮಾಲಿ, ಆಯ್ತಲ್ಲ ನಿನ್ ಕೆಲ್ಸ? ಹೊರಡು ಹೊರಡು. ಮುಂದಿನ ಗುರುವಾರ ಬಾ." ಜೇಬಿಗೆ ಕೈ ಹಾಕಿ ಎರಡು ನಾಣ್ಯ ತೆಗೆದು ಅವಳ ಒದ್ದೆ ಅಂಗೈಗೆ ಇಟ್ಟ. "ಟೀ ಕುಡ್ಕೋ."

ಬೆನ್ನ ಮೇಲೆ ಕೈಯಿಟ್ಟು ಬಾಗಿಲವರೆಗೂ ನೂಕಿಕೊಂಡೇ ಬಂದ. ಬಾಗಿಲಲ್ಲಿ ದನಿ ಇಳಿಸಿದ. "ಆ ಮೂಲೆ ಅಂಗಡಿ ತಾವ ನಿಂತಿರು. ನಾನ್ ಕರ್ಯೋಗಂಟ ಈ ಕಡೆ ತಲೆ ಹಾಕುದ್ರೆ ಇವತ್ತು ರಾತ್ರಿಗೇ ನೀನು ಬೀದಿಗೆ, ತಿಳೀತಾ?"

ಬಾಗಿಲು ಮುಚ್ಚಿತು.

ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಕೋಟಿಲ್ಲ. ಕಾಲಲ್ಲಿ ಮನೆಯೊಳಗಿನ ಬಟ್ಟೆ ಚಪ್ಪಲಿ, ನಾಲ್ಕು ಹೆಜ್ಜೆಗೇ ನೀರು ಕುಡಿದು ಭಾರವಾಯಿತು. ಅಂಗಡಿಯವರೆಗೂ ಹೋದಳು. ಒಳಗಿದ್ದ ಹುಡುಗಿ ಗಾಜಿನಾಚೆಯಿಂದ ಇವಳ ಕಾಲನ್ನೇ ನೋಡುತ್ತಿದ್ದಳು. ಮುಚಾನೆತಾಗೆ ಅಳು ಬರಲಿಲ್ಲ. ಅಳು ಬಂದಿದ್ದರೆ ವಾಸಿಯಿತ್ತು. ಎರಡು ತಿಂಗಳಿಂದ ಮಹಡಿಯ ಮೆಟ್ಟಿಲನ್ನು ಕಳ್ಳಿಯಂತೆ ಸದ್ದಿಲ್ಲದೆ ಹತ್ತಿದ್ದು, ಕೆಮ್ಮು ಬಂದರೆ ದಿಂಬಿಗೆ ಬಾಯಿಟ್ಟು ಕೆಮ್ಮಿದ್ದು, ಜೊತೆಯವರ ಋಣದಲ್ಲಿದ್ದೇನೆಂದು ಅವರ ಪಾತ್ರೆಯನ್ನೂ ತೊಳೆದಿದ್ದು, ಎಲ್ಲ ಈ ಸುಳ್ಳುಗಾರನ ಗಂಟು ಉಳಿಸಲಿಕ್ಕೆ! ಅಂಗೈಯಲ್ಲಿ ಆ ನಾಣ್ಯಗಳು ಇನ್ನೂ ಇದ್ದವು.

ಮನೆಯ ಕಡೆಗೆ ತಿರುಗಿ ನಡೆದಳು.

ಅವಳ ಊರಲ್ಲಿ ಯಾರದೇ ಮನೆಗೆ ಹೋದರೂ ಅಂಗಳದಲ್ಲೇ ನಿಂತು "ಗೊಗೊಗೋಯ್!" ಎಂದು ಕೂಗಬೇಕು. ಒಳಗಿನವರು ಬನ್ನಿ ಅಂದ ಮೇಲೆಯೇ ಒಳಗೆ ಕಾಲಿಡುವುದು. ಬಾಗಿಲಿಗೆ ಬಂದಾಗ ಅಭ್ಯಾಸಬಲದಿಂದ ಆ ಕೂಗು ಗಂಟಲಿಗೆ ಬಂತು. ನುಂಗಿಕೊಂಡಳು. ಸ್ವಂತ ಮನೆಗೆ ಹೋಗುವಾಗ ಯಾರಾದರೂ ಕೂಗುತ್ತಾರಾ? ಕೊರಳ ದಾರಕ್ಕೆ ಕಟ್ಟಿದ್ದ ಬೀಗದ ಕೈ ತೆಗೆದು, ಬಾಗಿಲು ತೆರೆದು ಒಳಗೆ ಬಂದಳು.

ಒಸಾಸ್ ಎದುರಿಗೇ ನಿಂತಿದ್ದ. "ಅಕ್ಕಾ..." ಅಂದ. ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಮೆಟ್ಟಿಲನ್ನು ಧಡಧಡ ಸದ್ದು ಮಾಡುತ್ತಲೇ ಹತ್ತಿದಳು. ಅಟ್ಟದ ಬಾಗಿಲಲ್ಲಿ ಗಾರ್ಸೈಡ್ ಆ ಹೆಂಗಸಿಗೆ ವಿವರಿಸುತ್ತಿದ್ದ. "ಇದು ಬರೀ ಹಳೇ ಸಾಮಾನು ಹಾಕೋ..."

ಇಬ್ಬರ ನಡುವೆ ನುಗ್ಗಿ ಒಳಗೆ ಹೋದಳು. ಸೂಟ್‌ಕೇಸುಗಳನ್ನು ಒದ್ದಳು. ಗೋಡೆಗೆ ನಿಂತಿದ್ದ ಹಾಸಿಗೆಯನ್ನು ಎರಡೂ ಕೈಯಲ್ಲಿ ಎಳೆದಳು. ಅದು ಧೂಳೆಬ್ಬಿಸಿ ದೊಪ್ಪೆಂದು ನೆಲಕ್ಕೆ ಬಿತ್ತು. ನಾಣ್ಯಗಳನ್ನು ಗಾರ್ಸೈಡ್‌ನ ಕಾಲ ಬುಡಕ್ಕೆ ಎಸೆದು, ಒದ್ದೆ ಬಟ್ಟೆಯಲ್ಲೇ ಹಾಸಿಗೆಯ ಮೇಲೆ ಕಾಲು ಚಾಚಿ ಮಲಗಿದಳು.

"ಬರ್ಕೊಳ್ಳಮ್ಮ. ನಾನಿರೋದು ಇಲ್ಲೇ. ಇವ್ನಿಗೆ ಬಾಡ್ಗೆ ಕೊಟ್ಕಂಡು ಇಲ್ಲೇ ಇದೀನಿ."

"ಲೇ ಮುಂಡೆ! ಮೇಡಂ, ಇವ್ಳಿಗೆ ತಲೆ ಸರಿ ಇಲ್ಲ..."

"ನೀವು ಸ್ವಲ್ಪ ಸುಮ್ನಿರಿ." ಹೆಂಗಸು ಮೂಗೊರೆಸಿಕೊಂಡು ಟ್ಯಾಬ್ಲೆಟ್ಟಿನ ಮೇಲೆ ಬೆರಳಿಟ್ಟಳು. "ನಿಮ್ಮ ಹೆಸರು?"

"ಮಾಲಿ," ಅಂದ ಗಾರ್ಸೈಡ್.

"ಮುಚಾನೆತಾ," ಅಂದಳು ಅವಳು. ಅವಳು ಹುಟ್ಟಿದಾಗ ಕಾಟ ಕೊಡುತ್ತಿದ್ದ ನೆರೆಯವರ ಕಿವಿಗೆ ಬೀಳಲೆಂದೇ ಅವ್ವ ಇಟ್ಟ ಹೆಸರು ಅದು. ಕೊನೆಗೆ ಸುಸ್ತಾಗುವವರು ನೀವೇ ಎಂದು ಅದರರ್ಥ.

ಕೆಳಗೆ ನೆಲಮಾಳಿಗೆಯ ಬಾಗಿಲು ಕಿರುಗುಟ್ಟಿತು. ಸ್ವಲ್ಪ ಹೊತ್ತಿಗೆ ಒಸಾಸ್ ಮೇಲೆ ಬಂದ. ಅವಳ ಬೂಟುಗಳನ್ನು ಹೊಸ್ತಿಲ ಬಳಿ ಜೋಡಿಸಿಟ್ಟು ಅಲ್ಲೇ ನಿಂತ.

ಗಾರ್ಸೈಡ್ ಬಾಗಿಲಿಗೆ ಒರಗಿ ಕೈಕಟ್ಟಿ ಕಾಯುತ್ತಿದ್ದ. ಬರೆದುಕೊಂಡ ಹೆಂಗಸು ಹೊರಟುಹೋಗುತ್ತಾಳೆ, ಆಮೇಲೆ ಮನೆ ಅವನದೇ, ಇವಳು ಬೀದಿಗೆ. ಮುಚಾನೆತಾಗೂ ಅದು ಗೊತ್ತಿತ್ತು.

"ಅಪ್ಪನ ಹೆಸರೂ ಬರ್ಕೊಳ್ಳಿ," ಅಂದಳು. ಹೆಂಗಸು ಬರೆದುಕೊಂಡಳು. "ಅವ್ವಂದೂ ಬರ್ಕೊಳ್ಳಿ. ನಮ್ಮ ಕುಲ ಮೊಯೊ. ಊರು ಗುತು. ನಿಧಾನಕ್ಕೆ ಬರ್ಕೊಳ್ಳಿ ತಾಯಿ, ನಂಗೇನ್ ಅವಸರ ಇಲ್ಲ."