ಓದುವ ಕೋಣೆಯ ಪುಟ್ಟ ಕುರ್ಚಿಗಳು

2016ರ ಸೆಪ್ಟೆಂಬರ್ 16, ಶುಕ್ರವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷ. ಚರ್ಚಿನ ಹಿಂಬದಿಯ ಪ್ರಾಥಮಿಕ ಶಾಲೆಯ ಓದುವ ಕೋಣೆಯಲ್ಲಿ ಮಕ್ಕಳು ಚಾಪೆಯ ಮೇಲೆ ಪುಸ್ತಕ ಬಿಡಿಸಿಕೊಂಡು ಬಾಗಿಲ ಕಡೆಗೇ ನೋಡುತ್ತಿದ್ದರು. ಅಪ್ಪ ಅಮ್ಮಂದಿರಿಗೆಂದು ಸಾಲಾಗಿ ಇಟ್ಟಿದ್ದ ಕುರ್ಚಿಗಳು ಖಾಲಿ ಬಿದ್ದಿದ್ದವು. ಬಂದಿದ್ದವರು ಒಬ್ಬರೇ ಒಬ್ಬರು ಅಜ್ಜಿ. ಅವರೂ ಗೋಡೆಗೆ ಒರಗಿ ನಿಂತಿದ್ದರು.

"ಕೂತ್ಕೊಳ್ಳಿ ಅಜ್ಜಿ," ಎಂದರು ಹೆಡ್ ಟೀಚರ್.

"ಬೇಡಮ್ಮ, ನಂಗೆ ನಿಂತೇ ಅಭ್ಯಾಸ," ಎಂದು ಅಜ್ಜಿ ಗೋಡೆಗೆ ಇನ್ನಷ್ಟು ಅಂಟಿಕೊಂಡರು.

ಹೆಡ್ ಟೀಚರ್ ತಲೆ ಕೆರೆದುಕೊಂಡರು. ಹಿಂದಿನ ಶುಕ್ರವಾರ ಇದೇ ಕೋಣೆ ಕಿಕ್ಕಿರಿದಿತ್ತು. ಮಗು ಓದುವುದನ್ನು ಮನೆಯವರು ವಾರಕ್ಕೊಮ್ಮೆ ಪಕ್ಕದಲ್ಲೇ ಕೂತು ಕೇಳಬೇಕು ಎಂಬುದು ಅವರು ಬಹಳ ದಿನದಿಂದ ಇಟ್ಟುಕೊಂಡಿದ್ದ ಆಸೆ. ಅಂಕಪಟ್ಟಿಗೆ ಸಹಿ ಹಾಕುವ ಅಪ್ಪಂದಿರಲ್ಲಿ ಎಷ್ಟೋ ಜನ ಮಗುವಿನ ಬಾಯಲ್ಲಿ ಒಂದು ಪುಟ ಪೂರ್ತಿ ಕೇಳಿದವರಲ್ಲ. ಚರ್ಚಿನ ಪಿಯಾನೋ ಮಾಸ್ತರಿಗೆ ಆ ಕೋಣೆಯ ಮೇಲೆ ಬೇರೆಯೇ ಕಣ್ಣಿತ್ತು. ಗಾಯಕರ ಅಭ್ಯಾಸಕ್ಕೆ ಅದು ಬೇಕಿತ್ತು. ಫಾದರ್ ಇಬ್ಬರ ಮಾತನ್ನೂ ಕೇಳಿ, "ಮೂರು ಶುಕ್ರವಾರ ನೋಡೋಣ. ಮನೆಯವರು ಬಂದ್ರೆ ಶಾಲೆಗೆ, ಬರದಿದ್ರೆ ಪಿಯಾನೋಗೆ," ಎಂದಿದ್ದರು.

ಉಳಿದಿದ್ದು ಇನ್ನೊಂದೇ ಶುಕ್ರವಾರ.

ಹೆಡ್ ಟೀಚರ್ ಮೂಲತಃ ವಿಜ್ಞಾನ ಓದಿದವರು. ಫಲ ಸಿಗದಿದ್ದರೆ ಅಳುತ್ತಾ ಕೂರುವುದಲ್ಲ, ಕಾರಣ ಹುಡುಕಬೇಕು ಎಂದು ನಂಬಿದವರು. ಸೋಮವಾರ ಬೆಳಿಗ್ಗೆ ಗೇಟಿನಲ್ಲೇ ನಿಂತರು. ಮೊದಲು ಸಿಕ್ಕಿದ್ದು ಬೇಕರಿಯಣ್ಣ. ಬಾಗಿಲು ತುಂಬುವ ಆಳು. ಒಂದು ಕೈಯಲ್ಲಿ ಮಗಳ ಚೀಲ, ಇನ್ನೊಂದು ಕೈಯಲ್ಲಿ ಮಗಳು.

"ಶುಕ್ರವಾರ ಯಾಕೆ ಬರ್ಲಿಲ್ಲ ಅಣ್ಣ?"

"ಒಲೆ ಬಿಟ್ಟು ಬರೋದು ಕಷ್ಟ ಟೀಚರಮ್ಮ."

"ಸುಳ್ಳು! ಅಪ್ಪನ ಒಲೆ ಬೆಳಗಾಗೋ ಹೊತ್ತಿಗೇ ಆರಿರತ್ತೆ," ಎಂದಳು ಮಗಳು. ಅವಳನ್ನು ಶಾಲೆಯಲ್ಲಿ ಎಲ್ಲರೂ ಪಟಪಟಿ ಎಂದೇ ಕರೆಯುತ್ತಿದ್ದರು. ಬೇಕರಿಯಣ್ಣ ಅವಳ ಬಾಯಿಗೆ ಒಂದು ಬಿಸ್ಕತ್ತು ತುರುಕಿ ಜಾಗ ಖಾಲಿ ಮಾಡಿದ.

ಸಿಟಿ ಬಸ್ಸು ಓಡಿಸುವ ಡ್ರೈವರಕ್ಕ, "ಡ್ಯೂಟಿ ಬದಲಾಯ್ತು ಟೀಚರ್," ಎನ್ನುವಾಗ ಟೀಚರ ಮುಖ ಬಿಟ್ಟು ಬೇರೆಲ್ಲ ಕಡೆ ನೋಡಿದಳು. ಒಬ್ಬರಿಗೆ ಸೊಂಟನೋವು, ಇನ್ನೊಬ್ಬರಿಗೆ ನೆಂಟರು. ಎಲ್ಲರ ನೆಪವೂ ಬೇರೆ ಬೇರೆ. ಹೇಳುವಾಗಿನ ಮುಜುಗರ ಮಾತ್ರ ಒಂದೇ.

ಟೀಚರ್ ಊಹೆ ಮಾಡಿದರು. ಹೊತ್ತು ಸರಿಯಿಲ್ಲವೇನೋ? ಆದರೆ ಅದೇ ಹೊತ್ತಿಗೆ ಅವರೆಲ್ಲ ಗೇಟಿನ ಹೊರಗೆ ಅರ್ಧ ಗಂಟೆ ಹರಟೆ ಕೊಚ್ಚುತ್ತಾರಲ್ಲ! ಹೊಟ್ಟೆ ಹಸಿದಿರಬಹುದೇ? ಒಂದು ದೊಡ್ಡ ಕೆಟಲ್ ಚಹಾ ಇಡುವುದೆಂದು ನಿರ್ಧರಿಸಿದರು. ಪುಸ್ತಕ ಕಷ್ಟವೇ? ಚಿತ್ರವಿರುವ, ದಪ್ಪಕ್ಷರದ ಪುಸ್ತಕಗಳನ್ನು ಮುಂದಿಟ್ಟರು. ಎಲ್ಲವನ್ನೂ ಪರೀಕ್ಷಿಸಿದರು, ಒಂದನ್ನು ಬಿಟ್ಟು. ಅದು ಕಣ್ಣಿಗೆ ಬೀಳದಿದ್ದುದಕ್ಕೂ ಕಾರಣವಿತ್ತು: ಪಾಠದ ಕೋಣೆಯೊಳಗೆ ಟೀಚರ್ ಕೂರಬಾರದು ಎಂಬುದು ಅವರು ಕೆಲಸಕ್ಕೆ ಸೇರಿದ ದಿನದಿಂದ ಪಾಲಿಸಿಕೊಂಡು ಬಂದ ವ್ರತ.

ಮೂರನೇ ಶುಕ್ರವಾರ ಬೆಳಿಗ್ಗೆ ಚಹಾ ಕುದಿಯುತ್ತಿತ್ತು. ಗೇಟಿನಾಚೆ ಎಂದಿನಂತೆ ಹರಟೆಯ ಸದ್ದು. ಪಿಯಾನೋ ಮಾಸ್ತರು ಆಗಲೇ ಅಳತೆ ಟೇಪು ಹಿಡಿದು ಹಾಜರಾಗಿದ್ದರು.

"ಸುಮ್ನೆ ಗೋಡೆ ಅಳೀತೀನಿ ಅಷ್ಟೇ. ನೀವು ನಿಮ್ಮ ಕೆಲಸ ಮಾಡಿ," ಎಂದರು, ನಗು ಮುಚ್ಚಿಡಲಾಗದೆ.

ಆಗ ಪಟಪಟಿ ಪುಸ್ತಕ ಎತ್ತಿಕೊಂಡು ಬಂದಳು. "ಟೀಚರ್, ಅಪ್ಪ ಇವತ್ತೂ ಬರಲ್ವಂತೆ. ನೀವೇ ಕೂತ್ಕೊಳ್ಳಿ, ನಿಮ್ಗೇ ಓದಿ ಹೇಳ್ತೀನಿ."

ಆ ಮುಖ ನೋಡಿ ಟೀಚರ್ ವ್ರತ ಮುರಿದರು. ಎರಡು ಕಡೆ ಕೈಹಿಡಿಯಿದ್ದ ಪುಟ್ಟ ಕುರ್ಚಿಯೊಳಗೆ ಇಳಿದು ಕೂತರು. ಮೊಣಕಾಲು ಗಲ್ಲಕ್ಕೆ ಬಂತು. ಆನೆಮರಿಯ ಕಥೆಯನ್ನು ಪಟಪಟಿ ಒಂದೂ ತಪ್ಪಿಲ್ಲದೆ ಓದಿದಳು. ಅಷ್ಟರಲ್ಲಿ ಎಂಟೂವರೆಯ ಗಂಟೆ ಬಾರಿಸಿತು. ಟೀಚರ್ ಎದ್ದರು. ಕುರ್ಚಿಯೂ ಎದ್ದಿತು.

"ಎಳಿಯೇ ಮಗು!"

ಪಟಪಟಿ ಎಳೆದಳು. ಮಾಸ್ತರು ಟೇಪು ಬಿಟ್ಟು ಎಳೆದರು. ಕುರ್ಚಿ ಅಲುಗಲಿಲ್ಲ. ಪಟಪಟಿಗೆ ಹೊಳೆದದ್ದು ಒಂದೇ ದಾರಿ, ಕಿಟಕಿಯಿಂದ ಇಡೀ ಬೀದಿಗೆ ಕೇಳುವಂತೆ ಕೂಗಿದಳು: "ಅಪ್ಪಾ, ಓಡಿ ಬಾ! ನಿಂಗಾದ ಹಾಗೇ ಟೀಚರ್‌ಗೂ ಆಯ್ತು!"

ಬೇಕರಿಯಣ್ಣ ಓಡಿ ಬಂದ. ಹಿಂದೆಯೇ ಡ್ರೈವರಕ್ಕ, ಅವಳ ಹಿಂದೆ ಗೇಟಿಗೆ ಗೇಟೇ. ಹೆಡ್ ಟೀಚರ್ ಬೆನ್ನಿಗೆ ಕುರ್ಚಿ ಹೊತ್ತು, ಬಸವನಹುಳುವಿನಂತೆ ಬಗ್ಗಿ ನಿಂತಿದ್ದರು. ಮೊದಲು ಕಿಸಕ್ಕೆಂದದ್ದು ಟೀಚರೇ. ಆಮೇಲೆ ಕೇಳಬೇಕೇ? ಕೋಣೆಯೇ ಹಾರಿಹೋಗುವಂತೆ ಎಲ್ಲರೂ ನಕ್ಕರು.

"ಅಲುಗಾಡ್ಬೇಡಿ ಟೀಚರಮ್ಮ," ಎಂದು ಬೇಕರಿಯಣ್ಣ ಕುರ್ಚಿಯನ್ನು ಅಚ್ಚಿನಿಂದ ಬ್ರೆಡ್ಡು ಬಿಡಿಸುವಂತೆ ಆ ಕಡೆ ಈ ಕಡೆ ತಟ್ಟಿ ಕಳಚಿದ. "ಆವತ್ತು ನನ್ನನ್ನ ಬಿಡಿಸೋಕೆ ಮೂರು ಜನ ಬೇಕಾಯ್ತು. ನೀವು ಕರಿ ಹಲಗೆ ಕಡೆ ತಿರುಗಿದ್ರಿ, ಪುಣ್ಯ."

"ಬಾಯಿ ಬಿಟ್ಟು ಹೇಳಬಾರ್ದಾ?"

"ಹೇಗೆ ಹೇಳೋದು ಟೀಚರ್?" ಎಂದಳು ಡ್ರೈವರಕ್ಕ. "ಫಾದರ್ ಆಸೆಪಟ್ಟು ತರಿಸಿದ ಕುರ್ಚಿ. ಅದ್ರಲ್ಲಿ ನಮ್ಮ ಸೊಂಟ ಹಿಡಿಸಲ್ಲ ಅಂತ ಚರ್ಚಲ್ಲಿ ಹೇಳೋಕಾಗತ್ತಾ? ಅಷ್ಟು ದೊಡ್ಡ ಬಸ್ಸು ತಿರುಗಿಸ್ತೀನಿ, ಆ ಕುರ್ಚಿಲಿ ಮಾತ್ರ ನನ್ನನ್ನೇ ತಿರುಗಿಸ್ಕೊಳ್ಳೋಕೆ ಆಗ್ಲಿಲ್ಲ."

"ನಂಗೆ ನಿಂತೇ ಅಭ್ಯಾಸ ಅಂದೆ ನೋಡು," ಎಂದು ಅಜ್ಜಿ ಬಾಯಿಗೆ ಸೆರಗು ಹಿಡಿದರು.

ಟೀಚರಿಗೆ ನಾಚಿಕೆಯೂ ಆಯಿತು, ಹಗುರವೂ ಆಯಿತು. ಮನೆಯವರಿಗೆ ಮಕ್ಕಳ ಮೇಲೆ ಅಸಡ್ಡೆ ಎಂದು ಒಳಗೊಳಗೇ ಅಂದುಕೊಂಡುಬಿಟ್ಟಿದ್ದರು. ಕೂತು ನೋಡಿದ್ದರೆ ಒಂದೇ ನಿಮಿಷದಲ್ಲಿ ತಿಳಿಯುತ್ತಿತ್ತು.

"ಚರ್ಚಿನ ಜಗಲಿಯಲ್ಲಿ ಉದ್ದ ಬೆಂಚುಗಳಿವೆಯಲ್ಲ," ಎಂದರು.

"ಅವು ಗಾಯಕರ ಬೆಂಚು!" ಎಂದು ಮಾಸ್ತರು ಹೌಹಾರಿದರು. ಅಷ್ಟು ಹೊತ್ತಿಗೆ ಬೇಕರಿಯಣ್ಣ ಒಂದರ ತುದಿ ಎತ್ತಿಯಾಗಿತ್ತು. "ಹಾಗಾದ್ರೆ ಇನ್ನೊಂದು ತುದಿ ನೀವೇ ಹಿಡೀರಿ ಮಾಸ್ತರೆ, ನಿಮ್ಮದೇ ಅಲ್ವಾ!" ಎಂದು ಆತ ಗುಡುಗಿದ ದನಿಗೆ ಮಾಸ್ತರು ಬೆಚ್ಚಿದರು, ಬೆಚ್ಚಿ, ಕಿವಿ ನಿಮಿರಿಸಿದರು. ತಮ್ಮ ಗುಂಪಿನಲ್ಲಿ ಇಂಥದೊಂದು ತಗ್ಗುದನಿ ಇಲ್ಲವಲ್ಲ ಎಂದು ವರ್ಷಗಟ್ಟಲೆ ಕೊರಗಿದವರು ಅವರು.

"ಹಾಡೋಕೆ ಬರತ್ತಾ?"

"ಹಿಟ್ಟು ನಾದುವಾಗ ಹಾಡ್ತೀನಿ."

ಮಾಸ್ತರು ಇನ್ನೇನೂ ಕೇಳದೆ ಬೆಂಚಿನ ತುದಿಗೆ ಕೈ ಹಾಕಿದರು.

ಒಂಬತ್ತಕ್ಕೆ ಫಾದರ್ ಬಂದಾಗ ಕೋಣೆ ಜೇನುಗೂಡಿನಂತೆ ಗುಯ್‌ಗುಡುತ್ತಿತ್ತು. ಡ್ರೈವರಕ್ಕನ ತೋಳಿಗೆ ಒರಗಿ ಅವಳ ಮಗ ಓದುತ್ತಿದ್ದ. ಪಟಪಟಿ ಅಪ್ಪನಿಗೆ ಆನೆಮರಿಯ ಕಥೆಯನ್ನು ಎರಡನೇ ಸಲ ಓದುತ್ತಿದ್ದಳು. ಅಪ್ಪ ಕಣ್ಣು ಮಿಟುಕಿಸದೆ ಕೇಳುತ್ತಿದ್ದ. ಬೆಂಚುಗಳಲ್ಲಿ ಒಂದಂಗುಲ ಜಾಗವಿರಲಿಲ್ಲ. ಸಪೂರ ದೇಹದ, ಉದ್ದ ಕಾಲಿನ ಫಾದರ್ ಸುತ್ತ ನೋಡಿ, ಮೂಲೆಗೆ ಸರಿಸಿಟ್ಟಿದ್ದ ತಮ್ಮ ಪ್ರೀತಿಯ ಕುರ್ಚಿಯೊಂದರಲ್ಲಿ ಕುಳಿತರು. ಮೊಣಕಾಲುಗಳು ಕಿವಿಯ ಅಕ್ಕಪಕ್ಕ ಬಂದವು.

"ಕೋಣೆ ಶಾಲೆಗೇ ಇರ್ಲಿ," ಎಂದರು ಸ್ವಲ್ಪ ಹೊತ್ತಿನ ನಂತರ. ಆಮೇಲೆ ದನಿ ತಗ್ಗಿಸಿ, "ಟೀಚರ್, ಈ ಕುರ್ಚಿ ಯಾವಾಗ್ಲೂ ಇಷ್ಟು ಗಿಡ್ಡನೇ ಇತ್ತಾ?"

ಹೆಡ್ ಟೀಚರ್ ಮಾಸ್ತರ ಕೈಯಿಂದ ಟೇಪು ಇಸಿದುಕೊಂಡು, ನೆಲದಿಂದ ಆಸನದವರೆಗೆ ಹಿಡಿದು, ಎಲ್ಲರಿಗೂ ಕೇಳುವಂತೆ ಓದಿದರು: ಇಪ್ಪತ್ತೆಂಟು ಸೆಂಟಿಮೀಟರ್.